ದುರ್ಗ–ದಾವಣಗೆರೆ ಸೀಮೆಯ ಹಳೆ ಮೆಥಡಿಸ್ಟ್ ದೇವಾಲಯಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಆರಾಧನೆ ಮುಗಿಸಿ ಹೊರಗೆ ನಿಂತಾಗ ಹೊಸಬರು ಕೇಳುವ ಪ್ರಶ್ನೆಗಳಿವೆ, ಶಾಲೆಯ ಪ್ರಾಜೆಕ್ಟಿಗೆಂದು ಬರುವ ಮಕ್ಕಳು ಕೇಳುವವಿವೆ, ಬೆಂಗಳೂರಿನಲ್ಲಿ ನೆಲೆಸಿ ರಜೆಗೆ ಊರಿಗೆ ಬಂದ ನಮ್ಮವರೇ ಕೇಳುವವೂ ಇವೆ. ಚಿತ್ರದುರ್ಗ, ದಾವಣಗೆರೆ ಸುತ್ತಿನ ಚಿಕ್ಕ ಊರುಗಳ ಸಭೆಗಳಿಗೆ, ಅಂದರೆ ಆಯಾ ದೇವಾಲಯಕ್ಕೆ ಸೇರಿದ ಕ್ರೈಸ್ತರಿಗೆ, ಉಪಯೋಗವಾಗಲಿ ಎಂದು ಉತ್ತರಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಈ ದೇವಾಲಯಗಳ ಚರಿತ್ರೆಯನ್ನು ಬೇರೆ ಯಾರೋ ಬಂದು ಬರೆಯಲಿ ಎಂದು ಕಾಯಬಾರದು. ಸಭೆಯವರೇ ಪುರಾವೆ ಹಿಡಿದು ಬರೆಯಬೇಕು ಎಂಬುದು ನನ್ನ ಆಸೆ. ಹಾಗಾಗಿ ಪುರಾವೆಗಳ ವಿಷಯಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಬೋರ್ಡಿನ ಮೇಲೆ ಸಿ.ಎಸ್.ಐ. ಎಂದಿದೆ. ಹಿರಿಯರು ಮಾತ್ರ ಮೆಥಡಿಸ್ಟ್ ಚರ್ಚು ಅನ್ನುತ್ತಾರೆ. ಯಾವುದು ಸರಿ?

ಎರಡೂ ಸರಿ. 1947ರ ಸೆಪ್ಟೆಂಬರ್ 27ರಂದು, ಸ್ವಾತಂತ್ರ್ಯ ಬಂದು ಆರೇ ವಾರಕ್ಕೆ, ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲಿನಲ್ಲಿ ಚರ್ಚ್ ಆಫ್ ಸೌತ್ ಇಂಡಿಯಾ (ಸಿ.ಎಸ್.ಐ.) ಹುಟ್ಟಿತು. ಆಂಗ್ಲಿಕನ್ನರು, ಬ್ರಿಟಿಷ್ ಮೂಲದ ಮೆಥಡಿಸ್ಟರು, ಮತ್ತು ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳು 1908ರಲ್ಲಿ ಸೇರಿ ಮಾಡಿಕೊಂಡಿದ್ದ ದಕ್ಷಿಣ ಭಾರತ ಐಕ್ಯಸಭೆ, ಈ ಮೂರೂ ಅಲ್ಲಿ ಒಂದಾದವು. ಹಳೆ ಮೈಸೂರು ಸಂಸ್ಥಾನದ ವೆಸ್ಲಿಯನ್, ಅಂದರೆ ಬ್ರಿಟಿಷ್ ಮೂಲದ ಮೆಥಡಿಸ್ಟ್, ಸಭೆಗಳು ಅಂದಿನಿಂದ ಸಿ.ಎಸ್.ಐ. ಸಭೆಗಳಾದವು. ಗೋಡೆ ಅದೇ, ಗಂಟೆ ಅದೇ, ಕೂರುವ ಜನವೂ ಅವರೇ.

ಬದಲಾದದ್ದು ಆಡಳಿತ. ನಮ್ಮ ಕಡೆಯ ಮೆಥಡಿಸ್ಟರಿಗೆ ಅಲ್ಲಿಯವರೆಗೆ ಬಿಷಪ್ಪರೇ ಇರಲಿಲ್ಲ. ಹಲವು ಊರುಗಳ ಸಭೆಗಳನ್ನು ಸೇರಿಸಿ ಒಂದು ಸರ್ಕ್ಯೂಟ್, ಅದಕ್ಕೊಬ್ಬ ಸೂಪರಿಂಟೆಂಡೆಂಟ್, ವರ್ಷಕ್ಕೊಮ್ಮೆ ಸಿನಡ್ ಎಂಬ ಆಡಳಿತ ಕೂಟ, ಇದು ಹಳೆ ವ್ಯವಸ್ಥೆ. ಐಕ್ಯದ ನಂತರ ಮೈಸೂರು ಒಬ್ಬ ಬಿಷಪ್ಪರ ಆಡಳಿತದ ಸಭಾಪ್ರಾಂತವಾಯಿತು (ಡಯಾಸಿಸ್). ಅದರ ಮೊದಲ ಬಿಷಪ್ಪರು ಪಿ. ಗುರುಶಾಂತ. ಅವರ ನಂತರ ಬಂದು ಬಹುಕಾಲ ಸೇವೆ ಮಾಡಿದ ನಾರ್ಮನ್ ಸಾರ್ಜೆಂಟ್ ಮೆಥಡಿಸ್ಟ್ ಮಿಶನರಿಯಾಗಿದ್ದವರು. 1970ರಲ್ಲಿ ಈ ದೊಡ್ಡ ಪ್ರಾಂತ ಕರ್ನಾಟಕ ಉತ್ತರ, ಮಧ್ಯ, ದಕ್ಷಿಣ ಎಂದು ಮೂರಾಯಿತು.

ಈ ವೆಸ್ಲಿ ಯಾರು?

ಜಾನ್ ವೆಸ್ಲಿ (1703–1791) ಇಂಗ್ಲೆಂಡಿನ ಪಾದ್ರಿ, ಮೆಥಡಿಸ್ಟ್ ಪಂಥದ ಮೂಲಪುರುಷರು. ಚರ್ಚಿನ ಬಾಗಿಲು ತಮಗಲ್ಲ ಎಂದುಕೊಂಡಿದ್ದ ಗಣಿ ಕಾರ್ಮಿಕರಿಗೆ, ಬಡವರಿಗೆ ಬಯಲಿನಲ್ಲೇ ನಿಂತು ಸುವಾರ್ತೆ ಸಾರಿದವರು. ತಮ್ಮ ಚಾರ್ಲ್ಸ್ ಸಾವಿರಾರು ಗೀತೆಗಳನ್ನು ಬರೆದರು. ಹೊಸ ವರ್ಷದ ಆರಂಭದಲ್ಲಿ ನಮ್ಮ ಅನೇಕ ಸಭೆಗಳಲ್ಲಿ ನಡೆಯುವ ಒಡಂಬಡಿಕೆಯ ಆರಾಧನೆ ಇದೆಯಲ್ಲ, ಅದನ್ನು 1755ರಲ್ಲಿ ಶುರುಮಾಡಿದವರು ಜಾನ್ ವೆಸ್ಲಿಯೇ.

ಅವರ ಮಿಶನ್ ನಮ್ಮ ಬಯಲುಸೀಮೆಗೆ ಬಂದದ್ದು ಹೇಗೆ?

ಸಮುದ್ರದಿಂದ ಶುರುಮಾಡಬೇಕು. 1813ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸನ್ನದು ನವೀಕರಣವಾದಾಗ ಮಿಶನರಿಗಳಿಗೆ ಇಂಡಿಯಾಕ್ಕೆ ಬರಲು ದಾರಿ ತೆರೆಯಿತು. ಆ ವರ್ಷದ ಕೊನೆಗೆ ಥಾಮಸ್ ಕೋಕ್ ಎಂಬ ಮೆಥಡಿಸ್ಟ್ ಮುಖಂಡರು ಒಂದು ತಂಡ ಕಟ್ಟಿಕೊಂಡು ಹಡಗು ಹತ್ತಿದರು. 1814ರ ಮೇ ತಿಂಗಳಲ್ಲಿ ಸಮುದ್ರದ ನಡುವೆಯೇ ತೀರಿಕೊಂಡರು. ಜೊತೆಗಿದ್ದವರು ಸಿಂಹಳ (ಈಗಿನ ಶ್ರೀಲಂಕಾ) ತಲುಪಿದರು. ಅವರಲ್ಲೊಬ್ಬರಾದ ಜೇಮ್ಸ್ ಲಿಂಚ್ 1817ರಲ್ಲಿ ಮದ್ರಾಸಿಗೆ ಬಂದರು. 1821ರಲ್ಲಿ ಬೆಂಗಳೂರು ದಂಡಿನಲ್ಲಿ ಕೆಲಸ ಆರಂಭವಾಯಿತು, ಅದು ಬಹುಪಾಲು ತಮಿಳು ಮಾತಾಡುವವರ ನಡುವೆ. ಕನ್ನಡದ ಕೆಲಸಕ್ಕೆ 1830ರ ದಶಕದವರೆಗೆ ಕಾಯಬೇಕಾಯಿತು. ಥಾಮಸ್ ಹಾಡ್ಸನ್ 1837ರಲ್ಲಿ ಗುಬ್ಬಿಯಲ್ಲಿ ನೆಲೆ ಹೂಡಿದರು. ಸಂತೆ ದೊಡ್ಡದು, ಸುತ್ತಲ ಹಳ್ಳಿಯವರೆಲ್ಲ ಬಂದು ಹೋಗುವ ಊರು; ಜನ ಸಿಗಬೇಕೆಂದರೆ ಅಂಥ ಕಡೆಯೇ ಕೂರಬೇಕು. ಅಲ್ಲಿಂದ ಮೈಸೂರು, ತುಮಕೂರು, ಶಿವಮೊಗ್ಗ ಹೀಗೆ ಕೇಂದ್ರಗಳು ಹಬ್ಬಿದವು. ಚಿತ್ರದುರ್ಗ, ದಾವಣಗೆರೆಗಳೂ ಮುಂದೆ ಆ ಸಾಲಿಗೆ ಸೇರಿದವು.

ಮಿಶನರಿ ದೊರೆಗಳು ಕುದುರೆ ಮೇಲೆ, ಎತ್ತಿನ ಗಾಡಿಯಲ್ಲಿ ಬರುತ್ತಿದ್ದರು. 1880ರ ದಶಕದಲ್ಲಿ ಬೆಂಗಳೂರು–ಹರಿಹರ ರೈಲು ಹಾದಿ ಮುಗಿದಾಗ ದಾವಣಗೆರೆ ಒಮ್ಮೆಲೇ ಹತ್ತಿರವಾಯಿತು. ಈ ರೈಲಿನ ವಿಷಯ ನೆನಪಿಟ್ಟುಕೊಳ್ಳಿ, ಕಟ್ಟಡದ ವಯಸ್ಸು ಹುಡುಕುವಾಗ ಮತ್ತೆ ಬೇಕಾಗುತ್ತದೆ.

ಹರಿಹರದ ಹೊಳೆ ದಾಟಿದರೆ ಬಾಸೆಲ್ ಮಿಶನ್ ಹೆಸರು ಕೇಳುತ್ತೇವೆ, ಬಳ್ಳಾರಿ ಕಡೆ ಹೋದರೆ ಲಂಡನ್ ಮಿಶನ್. ನಮ್ಮದು ಮಾತ್ರ ಯಾಕೆ ವೆಸ್ಲಿಯನ್?

ಇದು ನನಗೆ ತುಂಬಾ ಇಷ್ಟವಾದ ಪ್ರಶ್ನೆ. ಆಗಿನ ಗಡಿಗಳನ್ನು ಕಣ್ಣ ಮುಂದೆ ತಂದುಕೊಳ್ಳಿ. ತುಂಗಭದ್ರೆಯ ಈಚೆ ಮೈಸೂರು ಸಂಸ್ಥಾನ, ಆಚೆ ಬೊಂಬಾಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ಉತ್ತರಕ್ಕೆ ಮದ್ರಾಸ್ ಪ್ರಾಂತ್ಯದ ಬಳ್ಳಾರಿ. ಬಳ್ಳಾರಿಗೆ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲೇ ಬಂದಿದ್ದರು. ಸತ್ಯವೇದದ ಮೊದಲ ಕನ್ನಡ ಅನುವಾದದಲ್ಲಿ ಅವರ ಪಾಲು ದೊಡ್ಡದು. ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂತು. ಒಬ್ಬರು ಕೆಲಸ ಮಾಡುವ ಸೀಮೆಗೆ ಇನ್ನೊಬ್ಬರು ಕಾಲಿಡಬಾರದೆಂದು ಮಿಶನ್ನುಗಳು ತಮ್ಮೊಳಗೆ ಒಪ್ಪಂದ ಮಾಡಿಕೊಂಡಿದ್ದವು. ಹಾಗಾಗಿ ಮೂರು ಮಿಶನ್ನುಗಳ ಅಂಚು ಬಂದು ಸೇರುವ ಮೂಲೆ ನಮ್ಮದು.

ದಾವಣಗೆರೆಯಲ್ಲಿ ಇವತ್ತು ಒಂದೇ ಸಭೆಯಲ್ಲಿ ರಾಣೆಬೆನ್ನೂರು ಕಡೆಯಿಂದ ಸೊಸೆಯಾಗಿ ಬಂದವರು, ಹರಪನಹಳ್ಳಿ ಕಡೆಯವರು, ಇಲ್ಲೇ ಹುಟ್ಟಿ ಬೆಳೆದವರು ಒಟ್ಟಿಗೆ ಕೂರುತ್ತಾರೆ. ಒಂದೇ ಕೀರ್ತನೆಗೆ ಅವರವರ ಮನೆಯಲ್ಲಿ ಬೇರೆ ಬೇರೆ ರಾಗ ರೂಢಿಯಲ್ಲಿದ್ದರೆ ಆಶ್ಚರ್ಯಪಡಬೇಡಿ. ಸಾಧ್ಯವಾದರೆ ಎರಡನ್ನೂ ರೆಕಾರ್ಡ್ ಮಾಡಿಟ್ಟುಕೊಳ್ಳಿ.

ಬೀದರ್, ಕೋಲಾರ, ಬೆಳಗಾವಿಯಲ್ಲಿ ಈಗಲೂ ಮೆಥಡಿಸ್ಟ್ ಎಂದೇ ಬೋರ್ಡಿದೆಯಲ್ಲ?

ಅವರದು ಅಮೆರಿಕದ ಮೆಥಡಿಸ್ಟ್ ಎಪಿಸ್ಕೋಪಲ್ ಸಭೆಯ ಪರಂಪರೆ. ಬೆಂಗಳೂರಿನ ಬಾಲ್ಡ್‌ವಿನ್ ಶಾಲೆಗಳು ಅವರವೇ. ಅವರು 1947ರ ಐಕ್ಯದಲ್ಲಿ ಸೇರಲಿಲ್ಲ. 1981ರಲ್ಲಿ ಭಾರತದ ಮೆಥಡಿಸ್ಟ್ ಚರ್ಚ್ ಎಂದು ಸ್ವತಂತ್ರವಾದರು. ಇಬ್ಬರ ಮೂಲಪುರುಷರೂ ವೆಸ್ಲಿಯೇ, ಆದರೆ ಆಡಳಿತ, ದಾಖಲೆ, ಆಸ್ತಿ ಎಲ್ಲ ಬೇರೆ. ನಮ್ಮೂರಿನ ಕಾಗದಪತ್ರ ಹುಡುಕಲು ಹೊರಟವರು ಅಮೆರಿಕದ ದಾಖಲೆಗಳಲ್ಲಿ ತಡಕಿ ಬರಿಗೈಯಲ್ಲಿ ಬರುವುದುಂಟು.

“ಬ್ರಿಟಿಷರು ಕಟ್ಟಿಸಿದ ಚರ್ಚು” ಎಂದು ಎಲ್ಲರೂ ಹೇಳುತ್ತಾರೆ. ಹಾಗೆ ಬರೆಯಬಹುದೇ?

ದಯವಿಟ್ಟು ಬರೆಯಬೇಡಿ. ಬರೆಯಲೇಬೇಕೆಂದರೆ ಮೂರು ವಿಷಯ ವಿಚಾರಿಸಿಕೊಂಡು ಬರೆಯಿರಿ.

ಒಂದು, ಸರ್ಕಾರ ಯಾವುದಿತ್ತು ಎಂಬುದು. ನಮ್ಮ ಸೀಮೆ 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿತ್ತು. 1881ರಲ್ಲಿ ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿತು. ನಿಮ್ಮ ದೇವಾಲಯ ಅದರ ನಂತರದ್ದಾದರೆ, ಅದು ಮೇಲೆದ್ದದ್ದು ಮಹಾರಾಜರ ಆಡಳಿತದಲ್ಲಿ.

ಎರಡು, ಸರ್ಕಾರ ಬೇರೆ, ಮಿಶನ್ ಬೇರೆ. ದಂಡಿನ ಸೈನಿಕರಿಗೆ, ಅಧಿಕಾರಿಗಳಿಗೆ ಸರ್ಕಾರದ ಖರ್ಚಿನಲ್ಲಿ ಎದ್ದ ಚರ್ಚುಗಳು ಬಹುಮಟ್ಟಿಗೆ ಆಂಗ್ಲಿಕನ್ ಪಂಥದವು. ವೆಸ್ಲಿಯನ್ನರದು ಇಂಗ್ಲೆಂಡಿನಲ್ಲೂ ರಾಜಮನ್ನಣೆಯ ಸಭೆಯಲ್ಲ. ಅವರ ಹಣ ಬರುತ್ತಿದ್ದದ್ದು ಅಲ್ಲಿನ ಸಾಮಾನ್ಯ ಸಭೆಗಳ ಕಾಣಿಕೆ ಪೆಟ್ಟಿಗೆಯಿಂದ.

ಮೂರನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಕಲ್ಲು ಒಡೆದವರು, ಗಾರೆ ಅರೆದವರು, ತೊಲೆ ಕೊರೆದವರು ಇದೇ ಊರಿನವರು. ಚಿತ್ರದುರ್ಗದ ಸುತ್ತ ಕಲ್ಲಿಗೂ ಬರವಿಲ್ಲ, ಕಲ್ಲು ಕೆಲಸದವರಿಗೂ ಬರವಿಲ್ಲ. ಕೋಟೆಯ ಗೋಡೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಭೆಯ ಹೆಂಗಸರು ಪ್ರತಿದಿನ ಅಡುಗೆಗೆ ಅಳೆದದ್ದರಲ್ಲಿ ಒಂದು ಹಿಡಿ ತೆಗೆದು ಬೇರೆ ಗಡಿಗೆಯಲ್ಲಿಟ್ಟು ಭಾನುವಾರ ತಂದು ಕೊಡುವ ಪದ್ಧತಿ ದಕ್ಷಿಣದ ಅನೇಕ ಸಭೆಗಳಲ್ಲಿ ಇತ್ತು. ಅಡಿಗಲ್ಲಿನ ಮೇಲೆ ಮಿಶನರಿ ದೊರೆಯ ಹೆಸರಿರುತ್ತದೆ. ಗಡಿಗೆ ತುಂಬಿದವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಉಪದೇಶಿಗಳ, ಶಾಲೆಯ ಮೇಷ್ಟರುಗಳ, ಮನೆಮನೆಗೆ ಹೋಗಿ ಹೆಂಗಸರಿಗೆ ಓದು ಕಲಿಸುತ್ತಿದ್ದ ಬೈಬಲ್ ವುಮನ್‌ಗಳ ಹೆಸರು ನಿಮ್ಮ ಚರಿತ್ರೆಯ ಮೊದಲ ಪುಟದಲ್ಲೇ ಬರಲಿ.

ಬರಗಾಲದಲ್ಲಿ ಗಂಜಿಗೋಸ್ಕರ ಕ್ರೈಸ್ತರಾದವರು ಎಂದು ನಮ್ಮನ್ನು ಆಡಿಕೊಳ್ಳುತ್ತಾರೆ. ಏನು ಹೇಳಲಿ?

ನಡೆದದ್ದನ್ನೇ ಹೇಳಿ. 1876–78ರ ಬರ ಮೈಸೂರು ಸಂಸ್ಥಾನವನ್ನು ಹಿಂಡಿ ಹಾಕಿತು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನ 50 ಲಕ್ಷಕ್ಕೂ ಹೆಚ್ಚು. 1881ರಲ್ಲಿ ಸುಮಾರು 42 ಲಕ್ಷ. ಅಪ್ಪ ಅಮ್ಮ ಸತ್ತು ದಾರಿಯಲ್ಲಿ ಸಿಕ್ಕ ಮಕ್ಕಳನ್ನು ಮಿಶನ್ ಎತ್ತಿಕೊಂಡಿತು. ಹುಡುಗರಿಗೆ ತುಮಕೂರಿನಲ್ಲಿ, ಹುಡುಗಿಯರಿಗೆ ಹಾಸನದಲ್ಲಿ ಅನಾಥಾಲಯ ನಡೆಸಿತು. ಅಲ್ಲಿ ಬೆಳೆದವರಲ್ಲಿ ಕ್ರೈಸ್ತರಾದವರು ಬಹಳ. ಹಸಿದ ಮಗುವಿಗೆ ಅನ್ನ ಹಾಕಿದ್ದರಲ್ಲಿ ಯಾರೂ ತಲೆ ತಗ್ಗಿಸಬೇಕಾದ್ದೇನೂ ಇಲ್ಲ, ತಿಂದ ಮಗುವಂತೂ ಅಲ್ಲವೇ ಅಲ್ಲ.

ಆದರೆ ನಮ್ಮ ಸಭೆಗಳ ಕಥೆ ಬರದಿಂದಲೇ ಶುರುವಾಗಿ ಅಲ್ಲೇ ಮುಗಿಯುವುದಿಲ್ಲ. ಬರದ ಮೊದಲೂ ದೀಕ್ಷಾಸ್ನಾನ ಆದವರಿದ್ದಾರೆ, ನಂತರವೂ ಇದ್ದಾರೆ. ಊರ ಬಾವಿಯ ಹತ್ತಿರ ಬಿಡದ, ಶಾಲೆಯ ಜಗಲಿ ಹತ್ತಗೊಡದ ಮನೆಯ ಮಕ್ಕಳು ಮಿಶನ್ ಶಾಲೆಯಲ್ಲಿ ಸ್ಲೇಟು ಹಿಡಿದರು. ಮಾನ ಸಿಗುವ ಕಡೆ ಜನ ಹೋಗುತ್ತಾರೆ. ಜಾತಿ ದೇವಾಲಯದ ಹೊಸ್ತಿಲಲ್ಲೇ ಉದುರಿ ಹೋಯಿತೆಂದು ಮಾತ್ರ ಬರೆಯಬೇಡಿ, ಅದು ನಿಜವಲ್ಲ. ಯಾರ ಪಕ್ಕ ಯಾರು ಕೂರಬೇಕು, ಯಾವ ಮನೆಗೆ ಹೆಣ್ಣು ಕೊಡಬೇಕು ಎಂಬ ಜಗಳ ಒಳಗೂ ನಡೆದಿದೆ. ಅದನ್ನೂ ಬರೆದರೇ ಚರಿತ್ರೆ.

ಕಟ್ಟಡಕ್ಕೆ ಎಷ್ಟು ವರ್ಷ ಎಂದು ಕಂಡುಹಿಡಿಯುವುದು ಹೇಗೆ?

ಮೊದಲು ಕಲ್ಲು ನೋಡಿ. ಅಡಿಗಲ್ಲು ಬೇರೆ, ಪ್ರತಿಷ್ಠೆಯ ಕಲ್ಲು ಬೇರೆ. ಎರಡರ ನಡುವೆ ವರ್ಷಗಳೇ ಕಳೆದಿರಬಹುದು. ಸುಣ್ಣದ ಪದರಗಳ ಕೆಳಗೆ ಅಕ್ಷರ ಮುಚ್ಚಿಹೋಗಿದ್ದರೆ ಉಳಿ, ತಂತಿ ಬ್ರಷ್ ಮುಟ್ಟಿಸಬೇಡಿ. ಸಂಜೆ ಕತ್ತಲಾದ ಮೇಲೆ ಟಾರ್ಚನ್ನು ಗೋಡೆಗೆ ಒರಗಿಸಿ ಪಕ್ಕದಿಂದ ಬೆಳಕು ಬಿಡಿ. ಎದುರಿನಿಂದ ಕಾಣದ ಕೊರೆತ ನೆರಳಾಗಿ ಎದ್ದು ಬರುತ್ತದೆ. ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿ.

ವರ್ಷವೇ ಇಲ್ಲದಿದ್ದರೆ ಮಿಶನ್ನಿನ ಹೆಸರೇ ಸುಳಿವು. ಕಲ್ಲಿನ ಮೇಲೋ ಗಂಟೆಯ ಮೇಲೋ ಬೆಂಚಿನ ಹಿಂದೋ ‘ವೆಸ್ಲಿಯನ್ ಮಿಶನ್’ ಅಥವಾ ಡಬ್ಲ್ಯು.ಎಂ.ಎಂ.ಎಸ್. (ವೆಸ್ಲಿಯನ್ ಮೆಥಡಿಸ್ಟ್ ಮಿಶನರಿ ಸೊಸೈಟಿ) ಎಂದಿದ್ದರೆ ಅದು 1932ಕ್ಕಿಂತ ಹಿಂದಿನದ್ದಾಗಿರುವ ಸಂಭವ ಹೆಚ್ಚು. ಆ ವರ್ಷ ಇಂಗ್ಲೆಂಡಿನಲ್ಲಿ ವೆಸ್ಲಿಯನ್, ಪ್ರಿಮಿಟಿವ್, ಯುನೈಟೆಡ್ ಎಂಬ ಮೂರು ಮೆಥಡಿಸ್ಟ್ ಪಂಗಡಗಳು ಒಂದಾದವು, ಬರೀ ‘ಮೆಥಡಿಸ್ಟ್’ ಎಂಬ ಹೆಸರು ಉಳಿಯಿತು. ಸಿ.ಎಸ್.ಐ. ಎಂದಿದ್ದರೆ 1947ರ ನಂತರದ್ದು.

ಇನ್ನು ಹೆಂಚು. ಇಲ್ಲಿ ತುಂಬ ಜನ ಎಡವುತ್ತಾರೆ. ಹೆಂಚು ಇಳಿಸಿದಾಗ ಅಡಿಯಲ್ಲಿ ಬಾಸೆಲ್ ಮಿಶನ್ ಹೆಂಚಿನ ಕಾರ್ಖಾನೆಯ ಮುದ್ರೆ, ಜೊತೆಗೆ 1865 ಎಂಬ ಅಂಕಿ ಕಂಡೀತು. ಕೂಡಲೇ “ನಮ್ಮ ಚರ್ಚು 1865ರದ್ದು” ಎಂದು ಸುದ್ದಿ ಹಬ್ಬುತ್ತದೆ. 1865 ಮಂಗಳೂರಿನಲ್ಲಿ ಆ ಕಾರ್ಖಾನೆ ಶುರುವಾದ ವರ್ಷ. ಎಷ್ಟೋ ವರ್ಷದ ನಂತರ ಸುಟ್ಟ ಹೆಂಚಿನ ಮೇಲೂ ಅದೇ ಅಂಕಿ ಇರುತ್ತದೆ. ಮುದ್ರೆಯಲ್ಲಿ ‘ಕಾಮನ್‌ವೆಲ್ತ್’ ಎಂದಿದ್ದರೆ ಅದು ಮೊದಲ ಮಹಾಯುದ್ಧದ ನಂತರದ ಹೆಂಚು. ಯುದ್ಧದ ಕಾಲದಲ್ಲಿ ಬಾಸೆಲ್ ಮಿಶನ್ನಿನ ಉದ್ಯಮಗಳನ್ನು ಸರ್ಕಾರ ಕೈಗೆ ತೆಗೆದುಕೊಂಡು, ಆಮೇಲೆ ಆ ಹೆಸರಿನ ಟ್ರಸ್ಟಿಗೆ ವಹಿಸಿತು. ಅಷ್ಟಾದರೂ ಹೆಂಚು ಹೇಳುವುದು ಮಾಡಿನ ವಯಸ್ಸನ್ನು, ಗೋಡೆಯದ್ದನ್ನಲ್ಲ. ರೈಲು ಬರುವ ಮೊದಲು ಘಟ್ಟದ ಕೆಳಗಿನಿಂದ ಹೆಂಚು ಗಾಡಿಯ ಮೇಲೆ ಬರಬೇಕಿತ್ತು. ಹಾಗಾಗಿ ಮೊದಲು ಬೇರೆ ಬಗೆಯ ಮಾಡು ಇದ್ದು, ಮುಂದೆ ಅದಕ್ಕೆ ಮಂಗಳೂರು ಹೆಂಚು ಬಂದಿರುವ ಸಾಧ್ಯತೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕೊನೆಗೆ, ಸಭೆಯ ವಯಸ್ಸು ಬೇರೆ, ಕಟ್ಟಡದ ವಯಸ್ಸು ಬೇರೆ. ಮರದಡಿ, ಶಾಲೆಯ ಕೋಣೆಯಲ್ಲಿ, ಉಪದೇಶಿಯ ಜಗಲಿಯಲ್ಲಿ ವರ್ಷಗಟ್ಟಲೆ ಕೂಡಿದ ಮೇಲೆಯೇ ಗೋಡೆ ಏಳುವುದು.

ಒಳಗೆ ಪ್ರತಿಮೆ, ಬಣ್ಣದ ಚಿತ್ರ ಯಾವುದೂ ಇಲ್ಲವಲ್ಲ. ಕಟ್ಟಡ ಅರ್ಧಕ್ಕೇ ನಿಂತಿತೇ?

ಇಲ್ಲ, ಹಾಗೆಯೇ ಕಟ್ಟಿದ್ದು. ಮೆಥಡಿಸ್ಟರಿಗೆ ಪ್ರಸಂಗ ಮುಖ್ಯ, ಹಾಡು ಮುಖ್ಯ. ಆದ್ದರಿಂದ ಉದ್ದನೆಯ ಒಂದೇ ಹಜಾರ, ಎಲ್ಲರಿಗೂ ಕಾಣುವಂತೆ ಎತ್ತರದ ಪ್ರಸಂಗಪೀಠ, ಕರ್ತರ ರಾತ್ರಿ ಭೋಜನಕ್ಕೆ (ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಸಂಸ್ಕಾರಕ್ಕೆ) ಮೊಣಕಾಲೂರಲು ಮುಂದೆ ಒಂದು ಮರದ ಕಟಕಟೆ. ತುದಿ ಚೂಪಾದ ಕಮಾನಿನ ಕಿಟಕಿಗಳಷ್ಟೇ ಇಂಗ್ಲೆಂಡಿನ ನೆನಪು. ಹಿಂದೆ ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ ಚಾಪೆಯ ಮೇಲೆ ಕೂರುತ್ತಿದ್ದರು. ಬೆಂಚು ಬಂದದ್ದು ಆಮೇಲೆ. ಮಾಡು ಎತ್ತರ, ಕಿಟಕಿ ದೊಡ್ಡದು, ಗೋಡೆ ದಪ್ಪ. ಏಪ್ರಿಲ್ ತಿಂಗಳ ದಾವಣಗೆರೆಯ ಬಿಸಿಲಲ್ಲಿ ನಡೆದು ಬಂದು ಒಳಗೆ ಕಾಲಿಟ್ಟವರಿಗೆ ಅದರ ಬೆಲೆ ಗೊತ್ತು.

ಗೋಡೆ ಉದುರುತ್ತಿದೆ. ಸಿಮೆಂಟ್ ಪ್ಲಾಸ್ಟರ್ ಮಾಡಿಸಿ, ಮೇಲೆ ಆರ್‌ಸಿಸಿ ಹಾಕಿಸಬಹುದೇ?

ಬೇಡ ಎಂದು ಕೈಮುಗಿದು ಹೇಳುತ್ತೇನೆ. ಹಳೆ ಗೋಡೆಯ ಗಾರೆ ಎಂದರೆ ಸುಣ್ಣ, ಮರಳು. ಗಾಣದಲ್ಲಿ ಅರೆದು, ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಬೆರೆಸಿ ಹದ ಮಾಡಿದ್ದು. ಅದು ತೇವ ಹೀರುತ್ತದೆ, ಬಿಸಿಲಿಗೆ ಬಿಟ್ಟುಕೊಡುತ್ತದೆ. ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿಬೀಳುತ್ತದೆ. ಎರಡು ಮಳೆಗಾಲ ಕಳೆಯುವುದರೊಳಗೆ ಸಿಮೆಂಟಿನ ಹಿಂದೆ ಗಾರೆ ಪುಡಿಯಾಗಿ ಗೋಡೆ ಉಬ್ಬುತ್ತದೆ; ಉಪ್ಪು ಬಿಳಿಯಾಗಿ ಹೊರಗೆ ಬರುತ್ತದೆ. ಪ್ಲಾಸ್ಟಿಕ್ ಪೇಂಟಿನ ಕಥೆಯೂ ಅದೇ. ಸುಣ್ಣದ ಗೋಡೆಗೆ ಸುಣ್ಣದ ಕೆಲಸವೇ ಆಗಬೇಕು.

ಗೋಡೆ ಒದ್ದೆಯಾಗುವುದಕ್ಕೆ ಬಹುಸಲ ಕಾರಣ ಮಾಡು. ಮಳೆಗಾಲಕ್ಕೆ ಮುಂಚೆ ಒಡೆದ ಹೆಂಚು ಬದಲಿಸಿ, ಮಾಡಿನ ನೆತ್ತಿಯ ಹೆಂಚಿನ ಸಾಲು ಸರಿಮಾಡಿಸಿ, ಹೆಂಚು ಹೊರುವ ಮರದ ರೀಪು–ಪಕಾಸಿಗೆ ಗೆದ್ದಲು ಹತ್ತಿದೆಯೇ ಎಂದು ತಟ್ಟಿ ನೋಡಿ. ಗೋಡೆಯ ಬುಡದಲ್ಲಿ ನೀರು ನಿಲ್ಲದಂತೆ ಚರಂಡಿ ತೆಗೆಸಿ. ಇಷ್ಟಕ್ಕೇ ಅರ್ಧ ರಿಪೇರಿ ಮುಗಿಯುತ್ತದೆ. ಹಳೆ ಗೋಡೆಯ ಮೇಲೆ ಕಾಂಕ್ರೀಟ್ ಭಾರ ಹೊರಿಸುವ ಮೊದಲು ಸುಣ್ಣದ ಕೆಲಸ ಬಲ್ಲ ಇಂಜಿನಿಯರ್ ಒಬ್ಬರಿಗೆ ತೋರಿಸಿ. ಕಮಿಟಿಯಲ್ಲಿ “ಕೆಡವಿ ದೊಡ್ಡದು ಕಟ್ಟೋಣ” ಎಂಬ ಮಾತು ಬಂದೇ ಬರುತ್ತದೆ. ಜನ ಹೆಚ್ಚಾಗಿದ್ದರೆ ಪಕ್ಕದಲ್ಲಿ ಹೊಸದು ಕಟ್ಟಿ, ಹಳೆಯದು ಸಂಡೇ ಸ್ಕೂಲಿಗೆ ಇರಲಿ.

ಸುಗ್ಗಿ ಹಬ್ಬದಲ್ಲಿ ಒಂದೇ ಕುಂಬಳಕಾಯಿಯನ್ನು ನಾಲ್ಕು ಸಲ ಹರಾಜು ಹಾಕುತ್ತಾರೆ. ಯಾಕೆ?

ಕೊಂಡವರು ಅದನ್ನು ಮತ್ತೆ ದೇವಾಲಯಕ್ಕೇ ಕೊಡುತ್ತಾರೆ, ಅದಕ್ಕೆ! ಮೊದಲ ಫಲದ ಕಾಣಿಕೆಯಾಗಿ ಜೋಳ, ರಾಗಿ, ಮೆಕ್ಕೆಜೋಳದ ತೆನೆ, ಕೋಳಿ, ಮೊಟ್ಟೆ, ಮನೆಯಲ್ಲಿ ಕಟ್ಟಿದ ಹೂವಿನ ಮಾಲೆ ಎಲ್ಲ ಬರುತ್ತದೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜು. ಅಯ್ಯನವರು (ಸಭೆಯ ಪಾದ್ರಿ) ಕಾಯಿ ಎತ್ತಿ ಹಿಡಿಯುತ್ತಾರೆ, ಹಿರಿಯರೊಬ್ಬರು ಕೂಗುತ್ತಾರೆ. ಮಾಡಿನ ಹೆಂಚಿಗೆ, ಗಂಟೆಯ ಹಗ್ಗಕ್ಕೆ, ಬಡ ಮಕ್ಕಳ ಫೀಸಿಗೆ ಹಣ ಬರುವುದು ಇಂಥಲ್ಲಿಂದಲೇ. ಹಳೆ ಹರಾಜು ಪುಸ್ತಕ ಸಿಕ್ಕಿದರೆ ಜೋಪಾನ ಮಾಡಿ. ಆಯಾ ಕಾಲದ ಬೆಳೆ ಯಾವುದು, ಬೆಲೆ ಎಷ್ಟು, ಸಭೆಯಲ್ಲಿ ಯಾವ ಮನೆಗಳಿದ್ದವು, ಮೂರೂ ಅದರಲ್ಲಿವೆ.

ಬೇರೆ ಧರ್ಮದವರು ಒಳಗೆ ಬಂದು ನೋಡಬಹುದೇ?

ಧಾರಾಳವಾಗಿ ಬನ್ನಿ. ಆರಾಧನೆಯ ಹೊತ್ತಿನಲ್ಲಾದರೆ ಹಿಂದಿನ ಬೆಂಚಿನಲ್ಲಿ ಕೂರಿ. ಫೋಟೋಗೆ ಅಯ್ಯನವರನ್ನು ಒಂದು ಮಾತು ಕೇಳಿ.

ಹಳೆ ದಾಖಲೆಗಳು ಎಲ್ಲಿ ಸಿಗುತ್ತವೆ?

ಮೊದಲು ನಿಮ್ಮದೇ ದೇವಾಲಯದ ವೆಸ್ಟ್ರಿಯ (ಪಾದ್ರಿಯ ಕೋಣೆಯ) ಬೀರು ತೆರೆಯಿರಿ. ದೀಕ್ಷಾಸ್ನಾನ, ಮದುವೆ, ಸಮಾಧಿ, ಮೂರಕ್ಕೂ ಬೇರೆ ಬೇರೆ ರಿಜಿಸ್ಟರು ಇರಬೇಕು. ದೀಕ್ಷಾಸ್ನಾನದ ಪುಟದಲ್ಲಿ ಸಾಮಾನ್ಯವಾಗಿ ಮಗುವಿನ ಹೆಸರು, ತಂದೆ ತಾಯಿ, ಊರು, ಕಸುಬು, ದೀಕ್ಷೆ ಕೊಟ್ಟವರ ಸಹಿ ಇರುತ್ತದೆ. ಕಸುಬಿನ ಕಾಲಂ ಒಂದನ್ನೇ ಮೇಲಿನಿಂದ ಕೆಳಗೆ ಓದಿಕೊಂಡು ಹೋಗಿ. ಕೂಲಿ, ಕೂಲಿ, ಕೂಲಿ ಎಂದಿದ್ದದ್ದು ಒಂದೆರಡು ತಲೆಮಾರಿಗೆ ಮೇಷ್ಟರು, ಕಾಂಪೌಂಡರ್, ನರ್ಸ್, ಗುಮಾಸ್ತ ಎಂದಾಗುವುದನ್ನು ನೋಡಿದರೆ ಮಿಶನ್ ಶಾಲೆ ಏನು ಮಾಡಿತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಮಿಶನ್ನಿನ ಪತ್ರ, ವರದಿಗಳು ಲಂಡನ್ನಿನಲ್ಲಿ ಸೋಆಸ್ (SOAS) ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ದಾಖಲಾಗಾರದಲ್ಲೂ ಕೇಳಿ. ವೆಸ್ಲಿಯನ್ ಮಿಶನ್ ಮೈಸೂರಿನಲ್ಲಿ 1887ರಿಂದ ‘ವೃತ್ತಾಂತ ಪತ್ರಿಕೆ’ ಎಂಬ ಕನ್ನಡ ವಾರಪತ್ರಿಕೆ ನಡೆಸುತ್ತಿತ್ತು. ಅದರ ಹಳೆ ಸಂಚಿಕೆ ಎಲ್ಲಿ ಸಿಕ್ಕರೂ ನಿಮ್ಮ ಊರಿನ ಹೆಸರಿಗಾಗಿ ತಿರುವಿ ಹಾಕಿ. ಜಾಗದ ದಾನಪತ್ರ, ಖರೀದಿ ಪತ್ರಗಳಿಗೆ ಉಪನೋಂದಣಿ ಕಚೇರಿಗೆ ಹೋಗಬೇಕು. ಊರು ಈಗ ದಾವಣಗೆರೆ ಜಿಲ್ಲೆಯಲ್ಲಿದ್ದರೂ 1997ಕ್ಕೆ ಮುಂಚಿನ ಜಿಲ್ಲಾ ಕಡತ ಚಿತ್ರದುರ್ಗದಲ್ಲೋ, ಚನ್ನಗಿರಿ, ಹೊನ್ನಾಳಿಯಾದರೆ ಶಿವಮೊಗ್ಗದಲ್ಲೋ ಇದ್ದೀತು.

ನಮ್ಮ ಅಜ್ಜಿಯ ಟ್ರಂಕಿನಲ್ಲಿ ದೇವಾಲಯದ ಮುಂದೆ ತೆಗೆಸಿದ ಗುಂಪು ಫೋಟೋ ಇದೆ. ಏನು ಮಾಡಲಿ?

ಅಜ್ಜಿ ಇದ್ದಾರೆಂದರೆ ಇವತ್ತೇ ಪಕ್ಕದಲ್ಲಿ ಕೂತು ಒಬ್ಬೊಬ್ಬರನ್ನೂ ಬೆರಳಿಟ್ಟು ಕೇಳಿ: ಇವರು ಯಾರು, ಯಾರ ಮಗಳು, ಯಾವ ಊರಿಗೆ ಕೊಟ್ಟರು. ಮೊಬೈಲಿನಲ್ಲಿ ಅವರ ಮಾತನ್ನೂ ರೆಕಾರ್ಡ್ ಮಾಡಿ. ಫೋಟೋದ ಹಿಂದೆ ಬಾಲ್‌ಪೆನ್ನಿನಲ್ಲಿ ಬರೆಯಬೇಡಿ, ಮುಂದೆ ಒತ್ತು ಮೂಡುತ್ತದೆ. ಬೇರೆ ಹಾಳೆಯಲ್ಲಿ ಸಾಲಿಗೆ ಸರಿಯಾಗಿ ಹೆಸರು ಬರೆದು ಜೊತೆಗಿಡಿ. ಲ್ಯಾಮಿನೇಷನ್ ಮಾಡಿಸಬೇಡಿ. ಸ್ಕ್ಯಾನ್ ಮಾಡಿಸಿ ಒಂದು ಪ್ರತಿ ಸಭೆಗೆ ಕೊಡಿ, ಮೂಲ ಮನೆಯಲ್ಲೇ ಇರಲಿ. ಮುಂದಿನ ಸಾಲಿನಲ್ಲಿ ನೆಲದ ಮೇಲೆ ಕೂತ ಮಕ್ಕಳ ಹೆಸರನ್ನು ಬಿಡದೆ ಕೇಳಿ. ಅವರಲ್ಲಿ ಒಬ್ಬಿಬ್ಬರು ಇನ್ನೂ ಊರಲ್ಲೇ ಇರಬಹುದು.